ಪ್ಯಾರಾ ಕಟ್ಟುವುದು, ಉದಾಹರಣೆ ಕೊಡುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಲೇಖನ ತಿದ್ದಿಸಿಕೊಳ್ಳಲು ಬರುವವರು, ಪರೀಕ್ಷೆಗೆಂದು ಪ್ರಬಂಧ ಬರೆದು ಅಭ್ಯಾಸ ಮಾಡುವವರು, ಮಕ್ಕಳಿಗೆ ಕನ್ನಡ ಕಲಿಸುವ ಮೇಷ್ಟರು ಮಾತಿನಲ್ಲೂ ಪತ್ರದಲ್ಲೂ ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳಿವು. ಕೇಳಿದವರ ಮಾತನ್ನು ಆದಷ್ಟು ಹಾಗೆಯೇ ಉಳಿಸಿದ್ದೇನೆ. ಕಥೆ, ಕವಿತೆಗಳ ಗೊಡವೆಗೆ ಹೋಗಿಲ್ಲ. ಒಂದು ವಿಷಯವನ್ನು ಇನ್ನೊಬ್ಬರಿಗೆ ತಿಳಿಯುವಂತೆ ಹೇಳುವ ಗದ್ಯ, ಅಷ್ಟೇ ಇಲ್ಲಿನ ವಸ್ತು.

## ಮೊದಲ ಪಾಠ

ಒಂದು ಪ್ಯಾರಾ ಎಷ್ಟು ಸಾಲು ಇರಬೇಕು? ಶಾಲೆಯಲ್ಲಿ ಹತ್ತು ಸಾಲು ಎಂದು ಹೇಳಿಕೊಟ್ಟಿದ್ದರು.

ಶಾಲೆಯಲ್ಲಿ ಹಾಗೆ ಹೇಳಿದ್ದು ನೀವು ಮೂರೇ ಸಾಲಿಗೆ ಎದ್ದು ಹೋಗಬಾರದೆಂದು. ಅದನ್ನು ಜೀವನಪರ್ಯಂತದ ನಿಯಮ ಮಾಡಿಕೊಳ್ಳಬೇಕಿಲ್ಲ. ಒಂದು ಮಾತನ್ನು ಎತ್ತಿಕೊಂಡು, ಓದುವವರಿಗೆ ಅದು ಮನವರಿಕೆಯಾಗುವಷ್ಟು ಬೆಳೆಸಿ ಬಿಟ್ಟರೆ ಪ್ಯಾರಾ ಮುಗಿಯಿತು. ಕೆಲವು ಮಾತಿಗೆ ನಾಲ್ಕು ವಾಕ್ಯ ಸಾಕು, ಕೆಲವಕ್ಕೆ ಹನ್ನೆರಡು ಬೇಕು. ಎಲ್ಲಿ ಓದುತ್ತಾರೆ ಎಂಬುದೂ ಲೆಕ್ಕಕ್ಕೆ ಬರುತ್ತದೆ. ಪುಸ್ತಕದ ಪುಟದಲ್ಲಿ 150 ಪದಗಳ ಪ್ಯಾರಾ ಸಲೀಸಾಗಿ ಕೂರುತ್ತದೆ. ಮೊಬೈಲಿನಲ್ಲಿ ಅದೇ ಪ್ಯಾರಾ ಪರದೆ ತುಂಬಿಕೊಂಡು, ಕಣ್ಣಿಗೆ ತಂಗಲು ಜಾಗವೇ ಇರುವುದಿಲ್ಲ. ಹಾಗೆಂದು ಒಂದೊಂದು ವಾಕ್ಯಕ್ಕೂ ಎಂಟರ್ ಒತ್ತುವ ಈಗಿನ ಚಾಳಿಯನ್ನು ನಾನು ಒಪ್ಪುವುದಿಲ್ಲ. ಅಲ್ಲಿ ಪ್ಯಾರಾ ಎಂಬುದೇ ಇರುವುದಿಲ್ಲ, ಬಿಡಿ ಘೋಷಣೆಗಳಿರುತ್ತವೆ.

ಎಲ್ಲಿ ಪ್ಯಾರಾ ಒಡೆಯಬೇಕೆಂದೇ ಗೊತ್ತಾಗುವುದಿಲ್ಲ. ಸುಸ್ತಾದಾಗ ಒಡೆಯುತ್ತೇನೆ.

ಬರೆದು ಮುಗಿಸಿದ ಮೇಲೆ ಪ್ರತಿ ಪ್ಯಾರಾದ ಪಕ್ಕದ ಅಂಚಿನಲ್ಲಿ ಅದರ ಸಾರವನ್ನು ಒಂದು ವಾಕ್ಯದಲ್ಲಿ ಬರೆಯಿರಿ. 'ಕೆರೆಯ ಹೂಳು ತೆಗೆಯುವುದಕ್ಕೆ ಹಣವಿಲ್ಲ' ಎಂದು ಬರೆಯಲು ಸಾಧ್ಯವಾದರೆ ಅದು ಒಂದು ಪ್ಯಾರಾ. 'ಹೂಳು ತೆಗೆಯುವುದಕ್ಕೆ ಹಣವಿಲ್ಲ, ಮತ್ತು ಒತ್ತುವರಿಯೂ ಇದೆ' ಎಂದು ಬರೆಯಬೇಕಾಗಿ ಬಂದರೆ ಆ 'ಮತ್ತು' ಇರುವಲ್ಲೇ ಒಡೆಯಬೇಕು. ಅಂಚಿನಲ್ಲಿ ಬರೆಯಲು ಏನೂ ತೋಚದಿದ್ದರೆ ಪ್ಯಾರಾದಲ್ಲಿ ಹೇಳಿದ್ದೇನೂ ಇಲ್ಲ ಎಂದೇ ಅರ್ಥ. ಅಂಥದ್ದನ್ನು ತಿದ್ದುತ್ತ ಕೂರಬೇಡಿ, ತೆಗೆದುಹಾಕಿ.

ಮೊದಲ ವಾಕ್ಯದಲ್ಲೇ ವಿಷಯ ಹೇಳಿಬಿಟ್ಟರೆ ಮುಂದೆ ಯಾರು ಓದುತ್ತಾರೆ?

ಗುಟ್ಟು ಬಿಟ್ಟುಕೊಡಬಾರದು ಎಂಬ ಎಚ್ಚರ ಪತ್ತೇದಾರಿ ಕಾದಂಬರಿಗೆ ಸರಿ. ಲೇಖನದಲ್ಲಿ ಓದುಗನಿಗೆ ಮೊದಲು ಬೇಕಾದದ್ದು ತಾನು ಯಾವ ದಾರಿಯಲ್ಲಿ ಹೊರಟಿದ್ದೇನೆ ಎಂಬ ತಿಳಿವು. 'ಮಂಡ್ಯ ಜಿಲ್ಲೆಯ ಬಗ್ಗೆ ಹೇಳುವುದಾದರೆ ಅನೇಕ ಸಂಗತಿಗಳಿವೆ' ಎಂಬ ವಾಕ್ಯ ಏನನ್ನೂ ಬಿಟ್ಟುಕೊಡುವುದಿಲ್ಲ, ನಿಜ. ಆದರೆ ಮುಂದೆ ಓದಬೇಕೆಂಬ ಕುತೂಹಲವನ್ನೂ ಹುಟ್ಟಿಸುವುದಿಲ್ಲ. 'ಮಂಡ್ಯದ ಬದುಕನ್ನು ಬದಲಿಸಿದ್ದು ಒಂದು ನಾಲೆ' ಎಂದು ನೋಡಿ. ವಿಷಯವನ್ನು ಪೂರ್ತಿ ಹೇಳಿದಂತಾಯಿತು, ಆದರೂ ಯಾವ ನಾಲೆ, ಹೇಗೆ ಬದಲಿಸಿತು ಎಂದು ಕೇಳಬೇಕೆನಿಸುತ್ತದೆ.

'ಇತ್ತೀಚಿನ ದಿನಗಳಲ್ಲಿ' ಎಂದು ಶುರು ಮಾಡಿದರೆ ಏನು ತಪ್ಪು?

ವ್ಯಾಕರಣದ ತಪ್ಪೇನಿಲ್ಲ. 'ಇಂದಿನ ಆಧುನಿಕ ಯುಗದಲ್ಲಿ', 'ಅನಾದಿ ಕಾಲದಿಂದಲೂ' ಎಂಬವು ಅದರ ಅಣ್ಣತಮ್ಮಂದಿರು. ಇವುಗಳನ್ನು ಯಾವ ವಿಷಯದ ಮುಂದೆ ಇಟ್ಟರೂ ಹೊಂದುತ್ತವೆ, ಅದೇ ತೊಂದರೆ. ಅಳಿಸಿ ಓದಿ ನೋಡಿ, ಬಹುಪಾಲು ಸಲ ಎರಡನೆಯ ವಾಕ್ಯವೇ ಒಳ್ಳೆಯ ಆರಂಭವಾಗಿರುತ್ತದೆ.

## ಉದಾಹರಣೆಯ ಕೆಲಸ

ಉದಾಹರಣೆ ಕೊಡಿ ಎನ್ನುತ್ತಾರೆ. ಕೊಟ್ಟರೂ ಬರಹ ನೀರಸವಾಗಿದೆ ಎನ್ನುತ್ತಾರೆ. ಏನು ಮಾಡಲಿ?

ಹೆಚ್ಚಿನವರು ಉದಾಹರಣೆಯನ್ನು ಒಗ್ಗರಣೆ ಎಂದುಕೊಂಡಿದ್ದಾರೆ: ಅಡುಗೆ ಎಲ್ಲ ಮುಗಿದ ಮೇಲೆ ಘಮಕ್ಕೆಂದು ಮೇಲೆ ಸುರಿಯುವುದು. ಅಂಥ ಪ್ಯಾರಾ ಹೀಗಿರುತ್ತದೆ:

> ತಂತ್ರಜ್ಞಾನದ ಪ್ರಯೋಜನ ಸಮಾಜದ ಎಲ್ಲ ವರ್ಗಗಳಿಗೂ ಸಮಾನವಾಗಿ ತಲುಪುವುದಿಲ್ಲ. ಉಳ್ಳವರಿಗೆ ಅದು ಬೇಗ ದೊರೆಯುತ್ತದೆ. ಬಡವರು ಅದರಿಂದ ವಂಚಿತರಾಗುತ್ತಾರೆ. ಉದಾಹರಣೆಗೆ ವಿದ್ಯುತ್, ರೈಲು, ದೂರವಾಣಿ ಮುಂತಾದವು. ಆದ್ದರಿಂದ ಈ ಅಸಮಾನತೆಯನ್ನು ಹೋಗಲಾಡಿಸುವುದು ಅತ್ಯಗತ್ಯ.

'ಉದಾಹರಣೆಗೆ' ಎಂಬ ಪದವಿದೆ, ಉದಾಹರಣೆ ಇಲ್ಲ. ಮೂರು ವಸ್ತುಗಳ ಹೆಸರು ಹೇಳಿ 'ಮುಂತಾದವು' ಎಂದು ಕೈತೊಳೆದುಕೊಂಡದ್ದಾಯಿತು. ಮೊದಲ ಮೂರು ವಾಕ್ಯಗಳು ಒಂದೇ ಮಾತನ್ನು ಮೂರು ಸಲ ಹೇಳುತ್ತವೆ. ಈಗ ಅದೇ ಮಾತಿಗೆ ಒಂದೇ ಒಂದು ಪ್ರಸಂಗವನ್ನು ತೆಗೆದುಕೊಳ್ಳೋಣ:

> ಹೊಸ ತಂತ್ರಜ್ಞಾನ ಮೊದಲು ಹೋಗುವುದು ಹಣ ಕೊಡಬಲ್ಲವರ ಬಳಿಗೆ. ಶಿವನಸಮುದ್ರದಲ್ಲಿ ಧುಮುಕುವ ಕಾವೇರಿಯ ನೀರಿನಿಂದ 1902ರಲ್ಲಿ ವಿದ್ಯುತ್ ಉತ್ಪಾದನೆ ಶುರುವಾಯಿತು. ಆ ವಿದ್ಯುತ್ತು ಸುತ್ತಲಿನ ಹಳ್ಳಿಗಳಲ್ಲಿ ದೀಪ ಹಚ್ಚಲಿಲ್ಲ, ಸುಮಾರು 147 ಕಿಲೋಮೀಟರ್ ದೂರದ ಕೋಲಾರ ಚಿನ್ನದ ಗಣಿಗೆ ತಂತಿಯ ಮೇಲೆ ಹೋಯಿತು. ಗಣಿಯ ಯಂತ್ರಗಳಿಗೆ ಅದು ಬೇಕಿತ್ತು, ಗಣಿ ನಡೆಸುವವರ ಬಳಿ ದುಡ್ಡಿತ್ತು. ಬೆಂಗಳೂರಿನ ಬೀದಿಗಂತೂ ವಿದ್ಯುತ್ ದೀಪ ಬಂದದ್ದು ಇನ್ನೂ ಮೂರು ವರ್ಷ ಕಳೆದು, 1905ರಲ್ಲಿ. ತಂತಿ ಯಾವ ಕಡೆ ಹೋಗಬೇಕೆಂದು ಗೊತ್ತುಮಾಡಿದ್ದು ಗಿರಾಕಿ.

ಇಲ್ಲಿ ಯಾವ ವಾಕ್ಯ ಏನು ಮಾಡುತ್ತಿದೆ ನೋಡಿ. ಮೊದಲನೆಯದು ಮಾತನ್ನು ಮುಂದಿಡುತ್ತದೆ. ಎರಡನೆಯದು ನಮ್ಮನ್ನು ಒಂದು ಜಾಗದಲ್ಲಿ, ಒಂದು ವರ್ಷದಲ್ಲಿ ನಿಲ್ಲಿಸುತ್ತದೆ. ಮೂರನೆಯದರ ಮೇಲೆ ಇಡೀ ಪ್ಯಾರಾದ ಭಾರ ಬಿದ್ದಿದೆ: ಪಕ್ಕದ ಹಳ್ಳಿಯನ್ನೂ 147 ಕಿಲೋಮೀಟರನ್ನೂ ಒಟ್ಟಿಗೆ ಇಟ್ಟದ್ದರಿಂದ ಅಸಮಾನತೆ ಎಂಬ ಪದವನ್ನು ಬಳಸದೆಯೇ ಅದು ಕಾಣಿಸುತ್ತದೆ. ನಾಲ್ಕನೆಯದು ಕಾರಣ. ಐದನೆಯದು ಇಲ್ಲದಿದ್ದರೆ ಓದುಗ 'ಸರಿ, ಹಳ್ಳಿಗೆ ಇಲ್ಲ, ರಾಜಧಾನಿಯಂಥ ಊರಿಗಾದರೂ ಬಂದಿರಬೇಕಲ್ಲ' ಎಂದು ಕೇಳುತ್ತಿದ್ದ. ಆರನೆಯದು ಈ ಪ್ರಸಂಗದಲ್ಲಿ ಏನನ್ನು ಗಮನಿಸಬೇಕೆಂದು ಬೆರಳು ಮಾಡಿ ತೋರಿಸುತ್ತದೆ. ಈ ಆರನೆಯದನ್ನು ಬರೆಯಲು ಮರೆಯುವವರೇ ಹೆಚ್ಚು. ಪ್ರಸಂಗ ಹೇಳಿ ಮುಗಿಸಿಬಿಡುತ್ತಾರೆ, ಅದು ಯಾವುದಕ್ಕೆ ಉದಾಹರಣೆ ಎಂಬುದು ಅವರ ತಲೆಯಲ್ಲೇ ಉಳಿಯುತ್ತದೆ.

ಬಿಟ್ಟದ್ದೂ ಮುಖ್ಯ. ಈ ಯೋಜನೆಗೆ ಬೆನ್ನೆಲುಬಾಗಿದ್ದ ದಿವಾನ ಶೇಷಾದ್ರಿ ಅಯ್ಯರ್ ವಿದ್ಯುತ್ ಹರಿಯುವುದನ್ನು ನೋಡಲಿಲ್ಲ, 1901ರಲ್ಲೇ ತೀರಿಕೊಂಡರು. ಎಂಥವರಿಗೂ ಹೇಳಬೇಕೆನಿಸುವ ಸಂಗತಿ. ಆದರೆ ಗಿರಾಕಿ ಯಾರು ಎಂಬ ಮಾತಿಗೆ ಅದರಿಂದ ಏನೂ ಸಿಗುವುದಿಲ್ಲ. ಅದಕ್ಕೆ ಬೇರೆ ಪ್ಯಾರಾ ಕೊಡಿ, ಇಲ್ಲವೇ ಮನಸ್ಸು ಗಟ್ಟಿ ಮಾಡಿಕೊಂಡು ಬಿಡಿ.

ಒಂದು ಮಾತಿಗೆ ಎಷ್ಟು ಉದಾಹರಣೆ ಕೊಡಬೇಕು? ಮೂರಾದರೂ ಇರಬೇಕು ಎನ್ನುತ್ತಾರೆ.

ಬಿಡಿಸಿ ಹೇಳಿದ ಒಂದು, ಮುಟ್ಟಿ ಬಿಟ್ಟ ಮೂರಕ್ಕಿಂತ ಮೇಲು. ಎರಡನೆಯದನ್ನು ತರುವುದಾದರೆ ಅದು ಮೊದಲನೆಯದು ತೋರಿಸದ ಇನ್ನೊಂದು ಮಗ್ಗುಲನ್ನು ತೋರಿಸಬೇಕು. ಗಣಿಯ ಪ್ರಸಂಗದ ಹಿಂದೆಯೇ ಮತ್ತೊಂದು ಕಾರ್ಖಾನೆಗೆ ವಿದ್ಯುತ್ ಬಂದ ಕಥೆ ಹೇಳಿದರೆ ಸಂಖ್ಯೆ ಹೆಚ್ಚುತ್ತದೆ, ತಿಳಿವು ಹೆಚ್ಚುವುದಿಲ್ಲ.

ಮಾತು ಮೊದಲು ಹೇಳಬೇಕೋ, ಉದಾಹರಣೆ ಮೊದಲು ಹೇಳಬೇಕೋ?

ಸಾಮಾನ್ಯವಾಗಿ ಮಾತು ಮೊದಲು. ಆದರೆ ಓದುಗನ ತಲೆಯಲ್ಲಿ ಮೊದಲೇ ಒಂದು ತಪ್ಪು ಅಭಿಪ್ರಾಯ ಕೂತಿದ್ದರೆ ಉದಾಹರಣೆಯನ್ನು ಮುಂದೆ ಮಾಡುವುದು ಜಾಣತನ.

> ಹಾವೇರಿ ಜಿಲ್ಲೆಯ ಬ್ಯಾಡಗಿ ಮೆಣಸಿನಕಾಯಿ ಒಣಗಿದ ಮೇಲೆ ಕಡುಗೆಂಪು, ಮೈಯೆಲ್ಲ ಸುಕ್ಕು. ಆ ಬಣ್ಣ ನೋಡಿದವರು ಬಾಯಿ ಉರಿದೀತೆಂದು ಹಿಂಜರಿಯುತ್ತಾರೆ. ಸಾರಿಗೆ ಹಾಕಿ ನೋಡಿದರೆ ಖಾರ ಅಷ್ಟಕ್ಕಷ್ಟೇ. ಅದಕ್ಕೆ ಬೆಲೆ ಬಂದಿರುವುದೇ ಬಣ್ಣದಿಂದ. ಅದರ ಕೆಂಪನ್ನು ಸಾರವಾಗಿ ತೆಗೆದು ತಿನಿಸುಗಳಿಗೆ ಬಣ್ಣ ಕಟ್ಟಲು ಬಳಸುತ್ತಾರೆ. ಮೆಣಸಿನಕಾಯಿಯ ಕೆಂಪನ್ನು ನೋಡಿ ಖಾರವನ್ನು ಅಳೆಯುವಂತಿಲ್ಲ.

ಕೊನೆಯ ವಾಕ್ಯವನ್ನೇ ಮೊದಲಿಗೆ ತಂದು ನೋಡಿ. ಓದುಗ 'ಹೌದೇನೋ' ಎಂದು ಮುಂದೆ ಹೋಗುತ್ತಾನೆ. ಈಗಿರುವ ಕ್ರಮದಲ್ಲಿ ಅವನೂ ಎರಡನೆಯ ವಾಕ್ಯದ ತನಕ ಹಿಂಜರಿಯುವವರ ಜೊತೆಗಿದ್ದು, ಮೂರನೆಯದರಲ್ಲಿ ತನ್ನ ಅಂದಾಜನ್ನು ತಾನೇ ಬಿಟ್ಟುಕೊಡುತ್ತಾನೆ. ಈ ಕ್ರಮವನ್ನು ಲೇಖನದುದ್ದಕ್ಕೂ ಮಾಡಿದರೆ ಮಾತ್ರ ಓದುಗನಿಗೆ ಎಲ್ಲಿಗೆ ಹೋಗುತ್ತಿದ್ದೇವೆಂದು ತಿಳಿಯದೆ ಬೇಸರ ಬರುತ್ತದೆ.

ಎಸ್ಸೆಸ್ಸೆಲ್ಸಿಯಲ್ಲಿ ಗಾದೆ ವಿಸ್ತರಿಸಿ ಎಂದು ಕೊಡುತ್ತಾರೆ. ಮಕ್ಕಳು ಎಲ್ಲ ಗಾದೆಗೂ ಒಂದೇ ಉತ್ತರ ಬರೆಯುತ್ತಾರೆ. ಹೇಗೆ ಬಿಡಿಸುವುದು?

'ಗಾದೆಗಳು ವೇದಗಳಿಗೆ ಸಮಾನ. ವೇದ ಸುಳ್ಳಾದರೂ ಗಾದೆ ಸುಳ್ಳಾಗದು. ಗಾದೆಗಳು ಹಿರಿಯರ ಅನುಭವದ ನುಡಿಗಳು.' ಈ ಮೂರು ವಾಕ್ಯ ಬರೆಯದ ಹುಡುಗನನ್ನು ಹುಡುಕಬೇಕು. ಮಕ್ಕಳದು ತಪ್ಪಲ್ಲ, ಗೈಡುಗಳು ಹಾಗೆ ಕಲಿಸಿವೆ. ಮೌಲ್ಯಮಾಪಕರು ಒಂದೇ ದಿನ ಅದನ್ನು ಎಷ್ಟು ಸಲ ಓದಬೇಕಾಗುತ್ತದೋ ಪಾಪ.

'ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ' ಎಂದು ಕೊಟ್ಟರೆ ಮಗುವಿಗೆ ಒಂದೇ ಪ್ರಶ್ನೆ ಕೇಳಿ: ನಿನ್ನ ಊರಿನಲ್ಲಿ ಕುಂಬಾರನ ಜಾಗದಲ್ಲಿ ಯಾರನ್ನು ನಿಲ್ಲಿಸುತ್ತೀ, ದೊಣ್ಣೆಯ ಜಾಗದಲ್ಲಿ ಏನನ್ನು ಇಡುತ್ತೀ? ಒಬ್ಬಳು ರಸ್ತೆಬದಿಯ ಸಾಲುಮರಗಳನ್ನು ಹೇಳಬಹುದು. ತಾತನ ಕಾಲದಲ್ಲಿ ನೆಟ್ಟು ನೀರೆರೆದ ಮರ, ರಸ್ತೆ ಅಗಲ ಮಾಡಲು ಬಂದ ಯಂತ್ರ, ಮಧ್ಯಾಹ್ನದೊಳಗೆ ಖಾಲಿಯಾದ ಬದಿ. ಮೊದಲು ಗಾದೆಯ ಅರ್ಥಕ್ಕೆ ಎರಡು ವಾಕ್ಯ, ಆಮೇಲೆ ಈ ಪ್ರಸಂಗಕ್ಕೆ ನಾಲ್ಕು, ಕೊನೆಗೆ ಕಟ್ಟಿದ್ದು ಯಾರು ಕೆಡವಿದ್ದು ಏನು ಎಂದು ಕೂಡಿಸುವ ಒಂದು. ವೇದದ ಹಂಗಿಲ್ಲದೆ ಉತ್ತರ ಮುಗಿಯುತ್ತದೆ.

ಅಂಕಿಅಂಶ ಕೊಟ್ಟರೆ ಉದಾಹರಣೆ ಕೊಟ್ಟಂತೆಯೇ ಅಲ್ಲವೇ?

ಒಂಟಿ ಅಂಕಿ ಉದಾಹರಣೆಯಾಗುವುದಿಲ್ಲ. '100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ' ಎಂದರೆ ಅದು ಹೆಚ್ಚೋ ಕಡಿಮೆಯೋ ಯಾರಿಗೆ ಗೊತ್ತು? 'ಅಷ್ಟೇ ತೂಕದ ಪಾಲಿಶ್ ಮಾಡಿದ ಅಕ್ಕಿಯಲ್ಲಿ ಇರುವುದು 10 ಮಿಲಿಗ್ರಾಂನ ಆಸುಪಾಸು' ಎಂದು ಪಕ್ಕದಲ್ಲಿ ಇಟ್ಟಾಗ ಮುದ್ದೆ ಉಣ್ಣುವವನಿಗೂ ಅನ್ನ ಉಣ್ಣುವವನಿಗೂ ಅರ್ಥವಾಗುತ್ತದೆ. ಅಂಕಿಗೆ ಜೊತೆ ಬೇಕು. ಒಂದು ಪ್ಯಾರಾದಲ್ಲಿ ನಾಲ್ಕಕ್ಕಿಂತ ಹೆಚ್ಚು ಅಂಕಿಗಳು ಬರುವಂತಿದ್ದರೆ ಕೋಷ್ಟಕ ಮಾಡಿ, ಪ್ಯಾರಾದಲ್ಲಿ ಆ ಕೋಷ್ಟಕ ಏನು ಹೇಳುತ್ತದೆಂದು ಬರೆಯಿರಿ.

'ರಾಮಣ್ಣ ಎಂಬ ರೈತ' ಎಂದು ಕಲ್ಪಿಸಿ ಬರೆಯಬಹುದೇ?

ಒಂದು ವಿಷಯ ಹೇಗೆ ನಡೆಯುತ್ತದೆ ಎಂದು ಬಿಡಿಸಿ ಹೇಳಲು ಬರೆಯಬಹುದು. ರಾಮಣ್ಣ ವರ್ಷಕ್ಕೆ ಶೇಕಡಾ 12ರ ಚಕ್ರಬಡ್ಡಿಗೆ 1 ಲಕ್ಷ ರೂಪಾಯಿ ಸಾಲ ತಂದ ಎಂದುಕೊಳ್ಳಿ. ಮೊದಲ ವರ್ಷ ಬಡ್ಡಿ 12,000 ರೂಪಾಯಿ, ಏನೂ ಕಟ್ಟದಿದ್ದರೆ ಎರಡನೆಯ ವರ್ಷ ಅದೇ 13,440. ಇಲ್ಲಿ ರಾಮಣ್ಣ ಇದ್ದಾನೋ ಇಲ್ಲವೋ, ಲೆಕ್ಕ ಬದಲಾಗುವುದಿಲ್ಲ. ಆದರೆ 'ರೈತರು ಸಾಲದಲ್ಲಿ ಮುಳುಗಿದ್ದಾರೆ, ಉದಾಹರಣೆಗೆ ರಾಮಣ್ಣ' ಎಂದರೆ ಇಲ್ಲದ ಮನುಷ್ಯನನ್ನು ಸಾಕ್ಷಿಕಟ್ಟೆಗೆ ಹತ್ತಿಸಿದಿರಿ. ವಿವರಿಸಲು ಕಲ್ಪನೆ ಸರಿ, ರುಜುವಾತಿಗೆ ಸಲ್ಲದು. ಕಲ್ಪಿತ ಎಂಬುದು 'ಎಂದುಕೊಳ್ಳಿ', 'ಎಂದಿಟ್ಟುಕೊಳ್ಳೋಣ' ಎಂಬ ಮಾತಿನಿಂದ ಓದುಗನಿಗೆ ಗೊತ್ತಾಗುವಂತಿರಲಿ.

## ವಾಕ್ಯಗಳನ್ನು ಕೂಡಿಸುವುದು

ನನ್ನ ವಾಕ್ಯ ಮುಗಿಯುವಷ್ಟರಲ್ಲಿ ಶುರು ಏನಾಗಿತ್ತೆಂದೇ ಮರೆತುಹೋಗುತ್ತದೆ ಎನ್ನುತ್ತಾರೆ.

ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ಅದು ಬರುವ ತನಕ ಓದುಗ ಎಲ್ಲವನ್ನೂ ಕೈಯಲ್ಲಿ ಹಿಡಿದುಕೊಂಡೇ ಇರಬೇಕು. ಅದರ ಮೇಲೆ 'ಬಿದ್ದ', 'ತುಂಬಿದ', 'ಕುಸಿದ' ಎಂದು ಒಂದರ ಹಿಂದೆ ಒಂದು ಪೋಣಿಸುತ್ತ ಹೋದರೆ ಹೀಗಾಗುತ್ತದೆ:

> ಕಳೆದ ವರ್ಷ ಬಿದ್ದ ಮಳೆಯಿಂದ ತುಂಬಿದ ಕೆರೆಯ ಕುಸಿದ ಏರಿಯನ್ನು ದುರಸ್ತಿ ಮಾಡಲು ಪಂಚಾಯಿತಿ ತೆಗೆದುಕೊಂಡ ನಿರ್ಣಯವನ್ನು ವಿರೋಧಿಸಿದ ಅಚ್ಚುಕಟ್ಟಿನ ರೈತರ ಮನವಿಯನ್ನು ತಹಶೀಲ್ದಾರರು ಪರಿಶೀಲಿಸಿದರು.

ನಡೆದ ಕ್ರಮದಲ್ಲೇ ಬಿಡಿಸಿ: 'ಕಳೆದ ವರ್ಷದ ಮಳೆಗೆ ಕೆರೆ ತುಂಬಿ ಏರಿ ಕುಸಿಯಿತು. ಅದನ್ನು ದುರಸ್ತಿ ಮಾಡಲು ಪಂಚಾಯಿತಿ ನಿರ್ಣಯ ಮಾಡಿತು. ಅಚ್ಚುಕಟ್ಟಿನ ರೈತರು ಇದನ್ನು ವಿರೋಧಿಸಿ ತಹಶೀಲ್ದಾರರಿಗೆ ಮನವಿ ಕೊಟ್ಟರು. ಅವರು ಅದನ್ನು ಪರಿಶೀಲಿಸಿದ್ದಾರೆ.' ಬಿಡಿಸಿದ ಕೂಡಲೇ ಇನ್ನೊಂದು ಹುಳುಕು ಬಯಲಾಗುತ್ತದೆ: ಏರಿ ದುರಸ್ತಿಯಾದರೆ ನೀರು ಸಿಗುವುದು ಅಚ್ಚುಕಟ್ಟಿನವರಿಗೇ, ಅವರೇಕೆ ವಿರೋಧಿಸಿದರು? ಉದ್ದ ವಾಕ್ಯದಲ್ಲಿ ಆ ಪ್ರಶ್ನೆ ಅಡಗಿ ಕೂತಿತ್ತು. ಎಷ್ಟೋ ಕಚೇರಿ ಪತ್ರಗಳ ವಾಕ್ಯಗಳು ಉದ್ದವಾಗಿರುವುದಕ್ಕೆ ಇದೂ ಒಂದು ಕಾರಣ ಎಂಬ ಗುಮಾನಿ ನನ್ನದು.

ಪ್ರತಿ ವಾಕ್ಯಕ್ಕೂ 'ಅಲ್ಲದೆ', 'ಹಾಗೆಯೇ', 'ಇದರ ಜೊತೆಗೆ' ಎಂದು ಹಾಕುತ್ತೇನೆ. ಆದರೂ ಹೊಂದಿಕೊಳ್ಳುವುದಿಲ್ಲ, ಯಾಕೆ?

ಇವೆಲ್ಲ ಪೇರಿಸುವ ಪದಗಳು. ಒಂದರ ಮೇಲೆ ಒಂದನ್ನು ಇಡುತ್ತವೆ, ಸಂಬಂಧ ಕಟ್ಟುವುದಿಲ್ಲ. ಒಂದು ಪ್ಯಾರಾದಲ್ಲಿ ಇಂಥವು ಮೂರು ಬಂದರೆ ನೀವು ಬರೆದಿರುವುದು ಪಟ್ಟಿ. 'ಆದರೆ', 'ಹಾಗಾಗಿ', 'ಏಕೆಂದರೆ' ಹೆಚ್ಚು ದುಡಿಯುತ್ತವೆ, ಅವುಗಳ ಮಾತನ್ನು ನೀವು ಉಳಿಸಿಕೊಳ್ಳುವುದಾದರೆ. 'ಆದರೆ' ಎಂದ ಮೇಲೆ ದಿಕ್ಕು ಬದಲಾಗಲೇಬೇಕು.

ಕನ್ನಡಕ್ಕೆ ಇನ್ನೂ ಹಗುರವಾದ ಉಪಾಯಗಳಿವೆ. ಪದದ ತುದಿಗೆ ಅಂಟುವ 'ಊ', 'ಏ', 'ಅಂತೂ' ಮುಂತಾದವನ್ನು ಬಿಗಿಯಾಗಿ ಬಳಸಿದರೆ ಅರ್ಧ ವಾಕ್ಯ ಉಳಿಯುತ್ತದೆ. ಮೇಲಿನ ವಿದ್ಯುತ್ತಿನ ಪ್ಯಾರಾದಲ್ಲಿ 'ಬೆಂಗಳೂರಿನ ಬೀದಿಗಂತೂ' ಎಂದಿದೆ. ಆ ಒಂದು 'ಅಂತೂ' ಹಳ್ಳಿಗಳ ಮಾತನ್ನು ನೆನಪಿಸಿ, ಬೆಂಗಳೂರನ್ನೂ ಕಾಯುವವರ ಸಾಲಿಗೆ ಸೇರಿಸುತ್ತದೆ.

'ಅದು', 'ಇದು' ಬಳಸಿದರೆ ಗೊಂದಲ, ಒಂದೇ ಪದ ಮತ್ತೆ ಬಳಸಿದರೆ ಪುನರುಕ್ತಿ. ಏನು ಮಾಡುವುದು?

ಎರಡರಲ್ಲಿ ಪುನರುಕ್ತಿಯನ್ನೇ ಆರಿಸಿಕೊಳ್ಳಿ. 'ಪಂಚಾಯಿತಿ ಕೆರೆಯ ಹೂಳು ತೆಗೆಸಿತು. ಅದು ಮೂರು ವರ್ಷದಿಂದ ಹಾಗೆಯೇ ಇತ್ತು.' ಹಾಗೆಯೇ ಇದ್ದದ್ದು ಕೆರೆಯೋ, ಹೂಳೋ, ಪಂಚಾಯಿತಿಯೋ? ಮೂರಕ್ಕೂ ಅರ್ಥ ಹೊಂದುತ್ತದೆ ಎಂಬುದು ತಮಾಷೆ. 'ಹೂಳು' ಎಂದು ಮತ್ತೊಮ್ಮೆ ಬರೆದರೆ ಯಾರೂ ಬೈಯುವುದಿಲ್ಲ. ಪುನರುಕ್ತಿಗೆ ಹೆದರಿ ಮೊದಲ ಸಾಲಿನಲ್ಲಿ ಕೆರೆ, ಎರಡನೆಯದರಲ್ಲಿ ಜಲಾಶಯ, ಮೂರನೆಯದರಲ್ಲಿ ತಟಾಕ ಎಂದು ಬರೆಯುವವರಿದ್ದಾರೆ. ಓದುಗ ಮೂರು ಬೇರೆ ಬೇರೆ ಕಡೆ ನೀರು ಹುಡುಕುತ್ತಾನೆ.

## ಸ್ವಲ್ಪ ಕಠಿಣವಾದವು

ನನ್ನ ಮಾತಿಗೆ ವಿರುದ್ಧವಾದ ಉದಾಹರಣೆ ಸಿಕ್ಕರೆ ಮುಚ್ಚಿಡಬೇಕೇ?

ಮುಚ್ಚಿಟ್ಟರೆ ಓದುಗರಲ್ಲಿ ಯಾರಾದರೂ ಅದನ್ನು ಎತ್ತಿ ಹಿಡಿಯುತ್ತಾರೆ, ಆಗ ಇಡೀ ಲೇಖನದ ಮೇಲಿನ ನಂಬಿಕೆ ಹೋಗುತ್ತದೆ. ಅದಕ್ಕಿಂತ ದೊಡ್ಡ ನಷ್ಟವೆಂದರೆ ನಿಮ್ಮ ಮಾತು ಚೂಪಾಗುವ ಅವಕಾಶ ತಪ್ಪುತ್ತದೆ.

'ಅಣೆಕಟ್ಟು ಬಂದರೆ ಬಯಲುಸೀಮೆಯ ಊರು ಬದಲಾಗುತ್ತದೆ' ಎಂದು ಬರೆಯಲು ಹೊರಟಿದ್ದೀರಿ ಎನ್ನಿ. ಮಂಡ್ಯ ಕೈಗೆ ಸಿಗುತ್ತದೆ: ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾದದ್ದು 1911ರಲ್ಲಿ, ಕಟ್ಟೆಯಿಂದ ನಾಲೆ, ನಾಲೆಯಿಂದ ಕಬ್ಬು, ಕಬ್ಬಿನಿಂದ 1933ರಲ್ಲಿ ಮೈಸೂರು ಸಕ್ಕರೆ ಕಂಪನಿ. ಸರಪಳಿ ಚೆನ್ನಾಗಿದೆ. ಅಷ್ಟರಲ್ಲಿ ಹಿರಿಯೂರಿನ ಕಡೆಯವರೊಬ್ಬರು ಮಾರಿಕಣಿವೆಯನ್ನು ನೆನಪಿಸುತ್ತಾರೆ. ವೇದಾವತಿಗೆ ಅಡ್ಡಲಾಗಿ ಕಟ್ಟಿದ ಆ ಅಣೆಕಟ್ಟು, ಅಂದರೆ ವಾಣಿವಿಲಾಸ ಸಾಗರ, ಕನ್ನಂಬಾಡಿಗಿಂತ ಹಳೆಯದು, 1907ರಲ್ಲೇ ಮುಗಿದದ್ದು. 1933ರಲ್ಲಿ ಕೋಡಿ ಬಿದ್ದ ಮೇಲೆ ಅದು ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ನಡುವೆ 89 ವರ್ಷ.

ಈಗ ಮೊದಲಿನ ವಾಕ್ಯ ನಿಲ್ಲುವುದಿಲ್ಲ. ಕಾವೇರಿಯನ್ನು ತುಂಬಿಸುವುದು ಕೊಡಗಿನ ಮಳೆ; ವೇದಾವತಿ ಹುಟ್ಟುವುದು ಬಾಬಾಬುಡನ್ ಬೆಟ್ಟದಲ್ಲಾದರೂ ಬೇಗನೆ ಮಳೆ ಕಡಿಮೆಯಾದ ಬಯಲಿಗೆ ಇಳಿಯುತ್ತದೆ. ಹಾಗಾಗಿ ಮಾತನ್ನು ತಿದ್ದಬೇಕು: 'ಊರನ್ನು ಬದಲಿಸುವುದು ಅಣೆಕಟ್ಟಿನ ಗೋಡೆಗಿಂತ ಹೆಚ್ಚಾಗಿ ಅದರ ಹಿಂದಿನ ನದಿಯ ಮಳೆ.' ಮಂಡ್ಯಕ್ಕೆ ಒಂದು ಪ್ಯಾರಾ, ಮಾರಿಕಣಿವೆಗೆ ಒಂದು ಪ್ಯಾರಾ ಕೊಡಿ, ಎರಡನೆಯದನ್ನು 'ಆದರೆ' ಎಂದು ತೆರೆಯಿರಿ. ವಿರುದ್ಧವಾಗಿ ನಿಂತಿದ್ದ ಉದಾಹರಣೆಯೇ ಲೇಖನದ ಮುಖ್ಯ ಸಂಗತಿಯಾಯಿತು.

ತಾಳೆಗರಿಯಲ್ಲಿ ಬರೆದವರು ಪ್ಯಾರಾ ಇಲ್ಲದೆಯೇ ಬರೆಯಲಿಲ್ಲವೇ?

ಬರೆದರು. ಗರಿಯಲ್ಲಿ ಜಾಗಕ್ಕೆ ಬೆಲೆಯಿತ್ತು, ಸಾಲು ಮುರಿದು ಖಾಲಿ ಬಿಡುವ ಮಾತೇ ಇರಲಿಲ್ಲ. ಆದರೆ ಅದನ್ನು ಒಬ್ಬರು ಗಟ್ಟಿಯಾಗಿ ಓದುವುದು, ಉಳಿದವರು ಕೇಳುವುದು ರೂಢಿ. ಎಲ್ಲಿ ನಿಲ್ಲಬೇಕು, ಎಲ್ಲಿ ಉಸಿರೆಳೆಯಬೇಕು ಎಂಬುದನ್ನು ಓದುವವರು ನೋಡಿಕೊಳ್ಳುತ್ತಿದ್ದರು. ಒಬ್ಬರೇ ಕೂತು ಮನಸ್ಸಿನಲ್ಲೇ ಓದಿಕೊಳ್ಳುವ ಈಗಿನ ಓದುಗನಿಗೆ ಆ ನೆರವಿಲ್ಲ.

ಬರೆದದ್ದನ್ನು ತಿದ್ದಿಕೊಡಲು ಯಾರೂ ಇಲ್ಲ. ನಾನೇ ಪರೀಕ್ಷಿಸಿಕೊಳ್ಳುವುದು ಹೇಗೆ?

ಎಲ್ಲ ಪ್ಯಾರಾಗಳ ಮೊದಲ ವಾಕ್ಯಗಳನ್ನು ಮಾತ್ರ ಒಂದರ ಕೆಳಗೊಂದು ಬರೆದು ಓದಿ. ಲೇಖನದ ವಾದ ಸ್ಥೂಲವಾಗಿ ತಿಳಿಯಬೇಕು. ಆಮೇಲೆ ಒಂದೊಂದು ಉದಾಹರಣೆಯನ್ನೂ ಬೆರಳಿನಿಂದ ಮುಚ್ಚಿ ಪ್ಯಾರಾವನ್ನು ಓದಿ ನೋಡಿ. ಮುಚ್ಚಿದರೂ ಪ್ಯಾರಾ ಅಷ್ಟೇ ಗಟ್ಟಿಯಾಗಿದ್ದರೆ ಆ ಉದಾಹರಣೆ ಅಲ್ಲಿ ಸುಮ್ಮನೆ ಕೂತಿದೆ. ಬೇರೆಯದನ್ನು ಹುಡುಕಿ. ಕಡೆಗೆ ಒಂದು ಸಲ ಗಟ್ಟಿಯಾಗಿ ಓದಿ. ನಾಲಿಗೆ ತಡವರಿಸಿದ ಕಡೆ ಪೆನ್ಸಿಲ್ ಗುರುತು ಹಾಕಿ, ನಿಲ್ಲಿಸಬೇಡಿ. ಗುರುತುಗಳೆಲ್ಲ ಒಂದೇ ಪ್ಯಾರಾದಲ್ಲಿ ಗುಂಪಾಗಿದ್ದರೆ ಅಲ್ಲಿ ವಾಕ್ಯ ತಿದ್ದಿ ಪ್ರಯೋಜನವಿಲ್ಲ, ಏನು ಹೇಳಬೇಕೆಂಬುದೇ ಇನ್ನೂ ಗೊತ್ತಾಗಿಲ್ಲ.

ಪರೀಕ್ಷೆಯ ಕೋಣೆಯಲ್ಲಿ ಇಷ್ಟೆಲ್ಲ ಮಾಡಲು ಸಮಯ ಎಲ್ಲಿದೆ?

ಇಷ್ಟೆಲ್ಲ ಬೇಡ. ಬರೆಯಲು ಶುರು ಮಾಡುವ ಮೊದಲು ಐದು ನಿಮಿಷ ಕೊಡಿ. ಕಚ್ಚಾ ಬರಹದ ಜಾಗದಲ್ಲಿ ನಡುವೆ ಒಂದು ಗೆರೆ ಎಳೆದು, ಎಡಕ್ಕೆ ಹೇಳಬೇಕಾದ ಮಾತುಗಳು, ಬಲಕ್ಕೆ ಅದಕ್ಕೊಂದು ಊರು, ವರ್ಷ, ಘಟನೆ ಅಥವಾ ಮನುಷ್ಯ. ಬಲಗಡೆ ಖಾಲಿ ಉಳಿದ ಮಾತುಗಳನ್ನು ಹೊಡೆದುಹಾಕಿ. ಉಳಿದವುಗಳಲ್ಲಿ ಬಲಗಡೆ ಅತಿ ಗಟ್ಟಿಯಾಗಿರುವುದನ್ನು ಮೊದಲು ಬರೆಯಿರಿ, ಎರಡನೆಯ ಗಟ್ಟಿಯದನ್ನು ಕೊನೆಗೆ ಇಟ್ಟುಕೊಳ್ಳಿ. ಹೊತ್ತು ಸಾಲದೆ ಹೋದರೆ ನಡುವಿನದರಲ್ಲಿ ಒಂದನ್ನು ಬಿಟ್ಟರಾಯಿತು.